ಉಳವಿಯ ಚೆನ್ನಬಸವಣ್ಣನವರು ಮತ್ತು ಶರಣರ ವಿವೇಕಮಾರ್ಗ

ವಿವೇಕವೆಂಬ ಶಬ್ದವು ನಮ್ಮ ನಿತ್ಯದ ಮಾತಿನಲ್ಲಿ ಬಳಕೆಯಾಗಿ ಸವೆದುಹೋಗಿದೆ. ಜಾಣತನವನ್ನೂ ವ್ಯವಹಾರಚಾತುರ್ಯವನ್ನೂ ನಾವು ಒಮ್ಮೊಮ್ಮೆ ಆ ಹೆಸರಿನಿಂದಲೇ ಕರೆಯುವುದುಂಟು. ಆದರೆ ಪ್ರಾಚೀನ ಋಷಿಗಳು ಈ ಶಬ್ದಕ್ಕೆ ಕೊಟ್ಟ ಅರ್ಥವು ಖಚಿತವಾದುದು. ಬೇರ್ಪಡಿಸಿ ನೋಡುವುದೇ ವಿವೇಕ. ಉಳಿಯುವುದಾವುದು, ಅಳಿಯುವುದಾವುದು ಎಂಬುದನ್ನು ಹಾಲು ನೀರುಗಳಂತೆ ಬಿಡಿಸಿ ಕಾಣುವ ಶಕ್ತಿಯೇ ಅದು. ಕಠೋಪನಿಷತ್ತಿನ ಬಾಲಕ ನಚಿಕೇತನ ಮುಂದೆ ಯಮನು ಸಂಪತ್ತನ್ನೂ ದೀರ್ಘಾಯುಷ್ಯವನ್ನೂ ಒಡ್ಡಿದಾಗ ಆತನು ಅವುಗಳನ್ನು ಒಲ್ಲೆನೆಂದನು. ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂಬ ಉಪದೇಶವು ಅಂತಹ ಶಿಷ್ಯನಿಗೇ ದೊರೆಯಿತು. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯರು ಮನೆಯನ್ನು ತೊರೆಯುವ ಮುನ್ನ ಇಬ್ಬರು ಪತ್ನಿಯರಿಗೂ ಆಸ್ತಿಯನ್ನು ಹಂಚಲು ಹೊರಟಾಗ, ಅಮೃತತ್ವವನ್ನು ಕೊಡಲಾರದ ಸಂಪತ್ತಿನಿಂದ ತನಗೇನು ಪ್ರಯೋಜನವೆಂದು ಮೈತ್ರೇಯಿ ಕೇಳಿದಳು. ಎರಡೂ ಪ್ರಸಂಗಗಳಲ್ಲಿ ಪ್ರಶ್ನೆಯೊಂದೇ: ಎಲ್ಲವನ್ನೂ ಇರಿಸಿಕೊಳ್ಳಲು ಬಾರದಿರುವಾಗ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು?

ಯಮನ ಬಾಗಿಲಲ್ಲಿ ನಿಂತ ನಚಿಕೇತನಿಗೂ, ಗೃಹತ್ಯಾಗಕ್ಕೆ ಸಿದ್ಧರಾದ ಯಾಜ್ಞವಲ್ಕ್ಯರ ಮನೆಯವಳಿಗೂ ಈ ಪ್ರಶ್ನೆ ಸಹಜವಾಗಿ ಎದುರಾಯಿತು. ಆದರೆ ಹೊಲವನ್ನು ಉಳುವವನಿಗೆ, ಬಟ್ಟೆಯನ್ನು ಮಡಿ ಮಾಡುವವನಿಗೆ, ಚಮ್ಮಾವುಗೆಯನ್ನು ಹೊಲಿಯುವವನಿಗೆ ಈ ವಿವೇಕವು ಎಟಕುವುದೆ? ಕಟ್ಟಿದ ಸಮಾಜವೇ ಒಡೆದು ಊರು ಬಿಡಬೇಕಾದ ದಿನ ಅದು ಅವನ ಕೈಹಿಡಿಯುವುದೆ? ಹನ್ನೆರಡನೆಯ ಶತಮಾನದ ಶರಣರು ಇದಕ್ಕೆ ಕನ್ನಡದಲ್ಲಿ ಉತ್ತರವಿತ್ತರು. ಆ ಉತ್ತರದ ಕೊನೆಯ ಅಧ್ಯಾಯವು ನಡೆದುದು ಕಲ್ಯಾಣದಲ್ಲಿ ಅಲ್ಲ, ಇಂದಿನ ಜೋಯಿಡಾ ತಾಲೂಕಿನ ದಟ್ಟ ಅರಣ್ಯದ ನಡುವಣ ಉಳವಿಯಲ್ಲಿ.

ಉಳವಿಯಲ್ಲಿ ಐಕ್ಯರಾದ ಚೆನ್ನಬಸವಣ್ಣನವರು ಬಸವಣ್ಣನವರ ಅಕ್ಕ ನಾಗಮ್ಮನವರ ಮಗ. ಕೂಡಲಚೆನ್ನಸಂಗಮದೇವ ಎಂಬ ಅಂಕಿತದಲ್ಲಿ ಅವರು ರಚಿಸಿದ ವಚನಗಳು ಸಾವಿರಕ್ಕೂ ಮಿಕ್ಕಿ ದೊರೆತಿವೆ. ಅಲ್ಪಾಯುಷ್ಯದಲ್ಲಿಯೇ ಶರಣರಿಂದ ಜ್ಞಾನಿಯೆಂದು ಮನ್ನಣೆ ಪಡೆದ ಅವರು, ಶರಣಧರ್ಮದ ಅನುಭವಗಳನ್ನು ಷಟ್‍ಸ್ಥಲವೆಂಬ ಶಾಸ್ತ್ರವಾಗಿ ಕ್ರಮಗೊಳಿಸಿದರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಅನುಕ್ರಮವಾಗಿ ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂಬ ಆರು ಬಗೆಯ ಭಕ್ತಿಗಳು ಹೊಂದಿಕೊಂಡಿವೆ.

ಇವುಗಳಲ್ಲಿ ಮೂರನೆಯದಾದ ಅವಧಾನವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಪ್ರಸಾದಿಯಾದವನು ಯಾವುದನ್ನೂ ನೇರವಾಗಿ ಭೋಗಿಸುವುದಿಲ್ಲ. ಲಿಂಗಕ್ಕೆ ಅರ್ಪಿಸಿ ಬಳಿಕ ಸ್ವೀಕರಿಸುತ್ತಾನೆ. ಉಣ್ಣುವ ಅನ್ನ ಮಾತ್ರವಲ್ಲ, ಕಣ್ಣಿಗೆ ಬೀಳುವ ರೂಪ, ಕಿವಿಗೆ ಕೇಳುವ ಶಬ್ದ, ಬಂದೊದಗುವ ಸುಖದುಃಖಗಳೂ ಅರ್ಪಣೆಗೆ ಒಳಗಾದುವೇ. ವಸ್ತುವಿಗೂ ಭೋಗಕ್ಕೂ ನಡುವೆ ಹೀಗೆ ಒಂದು ಕ್ಷಣದ ಎಡೆ ಉಂಟಾಗುತ್ತದೆ. ಇದು ಅರ್ಪಣೆಗೆ ಯೋಗ್ಯವೆ, ಅಲ್ಲವೆ ಎಂದು ನೋಡುವ ಎಚ್ಚರವು ಆ ಎಡೆಯಲ್ಲಿ ಹುಟ್ಟುತ್ತದೆ. ಆ ಎಚ್ಚರವೇ ಅವಧಾನ, ಋಷಿಗಳ ವಿವೇಕವೂ ಅದುವೇ. ಇದಕ್ಕಾಗಿ ಕಾಯಕವನ್ನು ಬಿಡಬೇಕಾಗಿಲ್ಲ, ಕಾಡಿಗೆ ಹೋಗಬೇಕಾಗಿಲ್ಲ. ಬಯಸಿದೊಡನೆ ಕೈಚಾಚುವವನು ಬಯಕೆಯ ಆಳು. ಚಾಚುವ ಮುನ್ನ ನೋಡಬಲ್ಲವನು ಸ್ವತಂತ್ರನು. ಅಂತರಂಗದ ಬಿಡುಗಡೆಯು ಇಲ್ಲಿಂದಲೇ ಆರಂಭವಾಗುತ್ತದೆ.

ಈ ಎಚ್ಚರವು ಸತ್ಕಾರ್ಯಗಳ ವಿಷಯದಲ್ಲಿಯೂ ಬೇಕು. ಸೊನ್ನಲಿಗೆಯ ಸಿದ್ಧರಾಮರು ಕೆರೆಗಳನ್ನು ತೋಡಿಸಿ, ದೇಗುಲಗಳನ್ನು ಕಟ್ಟಿಸಿ ಲೋಕೋಪಕಾರದಲ್ಲಿ ಮುಳುಗಿದ್ದ ಮಹಾಯೋಗಿಗಳು. ಅಲ್ಲಮಪ್ರಭುಗಳು ಅವರನ್ನು ಕಲ್ಯಾಣಕ್ಕೆ ಕರೆತಂದರೆಂದೂ, ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರಿಂದ ಅವರಿಗೆ ಇಷ್ಟಲಿಂಗದೀಕ್ಷೆಯಾಯಿತೆಂದೂ ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆ ಹೇಳುತ್ತದೆ. ಕೆರೆ ಕಟ್ಟಿಸುವುದು ತಪ್ಪೆಂದು ಇದರ ಅರ್ಥವಲ್ಲ. ಕಟ್ಟಿಸಿದವನು ನಾನೆಂಬ ಭಾವವು ಪುಣ್ಯದ ವೇಷದಲ್ಲಿ ಬಂದು ಕಟ್ಟಿಹಾಕುತ್ತದೆ. ಆ ಸೂಕ್ಷ್ಮವನ್ನು ಗುರುತಿಸುವುದೇ ಕಠಿಣವಾದ ವಿವೇಕ. ಹಿರಿಯನು ಕಿರಿಯನಿಂದ ಕಲಿಯಲೊಪ್ಪಿದುದು ಆ ವಿವೇಕದ ಮೊದಲ ಫಲ.

ಕಲ್ಯಾಣದ ದುರಂತವು ಈ ಮಾರ್ಗಕ್ಕೆ ಪರೀಕ್ಷೆಯಾಗಿ ಬಂದಿತು. ಹರಳಯ್ಯ ಮತ್ತು ಮಧುವರಸರ ಮಕ್ಕಳ ವಿವಾಹ, ಅದಕ್ಕಾಗಿ ಆ ಶರಣರಿಗೆ ವಿಧಿಸಿದ ಘೋರಶಿಕ್ಷೆ, ಬಿಜ್ಜಳನ ಅಂತ್ಯ, ಇವೆಲ್ಲವನ್ನೂ ವೀರಶೈವ ಪುರಾಣಗಳು ವಿಸ್ತರಿಸಿ ವರ್ಣಿಸಿವೆ. ಬಿಜ್ಜಳನ ಆಳಿಕೆ ಕೊನೆಗೊಂಡುದು 1167ರ ಸುಮಾರಿಗೆ. ಅವನ ಮರಣದ ವಿವರಗಳಲ್ಲಿ ಇತಿಹಾಸಕಾರರಿಗೆ ಏಕಾಭಿಪ್ರಾಯವಿಲ್ಲ. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು. ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚೆನ್ನಬಸವಣ್ಣ, ಅಕ್ಕ ನಾಗಮ್ಮ, ಮಡಿವಾಳ ಮಾಚಯ್ಯ ಮೊದಲಾದವರ ತಂಡವು ಬೆನ್ನಟ್ಟಿದ ಸೈನ್ಯವನ್ನು ಎದುರಿಸುತ್ತ ಪಶ್ಚಿಮಕ್ಕೆ ನಡೆಯಿತೆಂದು ಪರಂಪರೆ ನಂಬುತ್ತದೆ. ಮಲಪ್ರಭೆಯ ದಡದ ಕಾದರವಳ್ಳಿಯಲ್ಲಿ ಕಾಳಗ ನಡೆಯಿತೆಂದೂ, ಡೋಹರ ಕಕ್ಕಯ್ಯನವರು ಕಕ್ಕೇರಿಯಲ್ಲಿ ಐಕ್ಯರಾದರೆಂದೂ ಆಯಾ ಊರಿನ ಜನ ಇಂದಿಗೂ ಹೇಳುತ್ತಾರೆ.

ಆ ಹೊತ್ತಿನಲ್ಲಿ ಶರಣರು ಏನನ್ನು ಬಿಟ್ಟರು, ಏನನ್ನು ಹೊತ್ತರು? ಮಹಾಮನೆಯನ್ನು ಬಿಟ್ಟರು; ರಾಜಾಶ್ರಯವನ್ನು, ಮನೆಮಾರುಗಳನ್ನು, ಕಲ್ಯಾಣವೆಂಬ ಹೆಮ್ಮೆಯನ್ನು ಬಿಟ್ಟರು. ಎದೆಯ ಮೇಲಿನ ಇಷ್ಟಲಿಂಗವನ್ನೂ ವಚನಗಳ ಓಲೆಕಟ್ಟುಗಳನ್ನೂ ಹೊತ್ತರೆಂದು ಪರಂಪರೆಯ ಮಾತು. ಸ್ಥಾವರಕ್ಕೆ ಅಂಟಿಕೊಳ್ಳದ ಜಂಗಮಧರ್ಮವನ್ನು ಅವರು ಮೊದಲೇ ಬೋಧಿಸಿದ್ದರು. ಈಗ ಅದು ಬೋಧೆಯಾಗಿ ಉಳಿಯದೆ ನಡೆಯಾಯಿತು. ಗುಡಿಯಲ್ಲಿ ನೆಲೆನಿಂತ ದೇವರಾಗಿದ್ದರೆ ಬಿಟ್ಟುಹೋಗಬೇಕಾಗುತ್ತಿತ್ತು. ಅಂಗದ ಮೇಲಣ ಲಿಂಗವು ಅಂಗದೊಡನೆಯೇ ನಡೆಯಿತು.

ಹಳಿಯಾಳದ ಬಯಲಿನಲ್ಲಿ ಧಾರವಾಡ ಸೀಮೆಯ ಹೊಲಗಳು ಮುಗಿಯುತ್ತ ಬರುತ್ತವೆ. ದಾಂಡೇಲಿಯಲ್ಲಿ ಕಾಳಿ ನದಿಯೂ ಅರಣ್ಯವೂ ಎದುರಾಗುತ್ತವೆ. ಅಲ್ಲಿಂದ ಮುಂದೆ ಜೋಯಿಡಾದ ಕಣಿವೆಗಳನ್ನು ಹೊಕ್ಕರೆ ಉಳವಿ. ಅಲ್ಲಿ ಚೆನ್ನಬಸವಣ್ಣನವರ ಸಮಾಧಿಸ್ಥಾನದ ಸುತ್ತಲಿನ ಕಾಡಿನಲ್ಲಿ ಅಕ್ಕ ನಾಗಮ್ಮನ ಗವಿ, ಆಕಳಗವಿ, ಮಹಾಮನೆಯ ಗವಿ, ಹರಳಯ್ಯನ ಚಿಲುಮೆ ಎಂದು ಹೆಸರಾಂತ ಎಡೆಗಳಿವೆ. ಉಳವಿಯ ನೆನಪು ಕೋಟೆಗಳಲ್ಲಿ ಅಲ್ಲ, ಗವಿಗಳಲ್ಲಿಯೂ ನೀರ ಸೆಲೆಗಳಲ್ಲಿಯೂ ಉಳಿದಿದೆ. ನಾಗಮ್ಮನವರು ಮಗನ ಅಗಲಿಕೆಯ ತರುವಾಯ ಉಳವಿಯನ್ನೂ ಬಿಟ್ಟು ತರೀಕೆರೆಯ ಬಳಿಯ ಎಣ್ಣೆಹೊಳೆಗೆ ಸಾಗಿದರೆಂದು ಪ್ರತೀತಿ. ಆಶ್ರಯವಿತ್ತ ನೆಲವನ್ನೂ ಕೊನೆಯ ನಿಲುಗಡೆಯೆಂದು ಬಗೆಯದ ಆ ತಾಯಿಯ ನಿರ್ಲೇಪವು ಶಾಸ್ತ್ರಗ್ರಂಥಗಳಿಗಿಂತ ಸ್ಪಷ್ಟವಾಗಿ ಮಾತನಾಡುತ್ತದೆ.

ಶರಣರ ಆಯ್ಕೆ ಸರಿಯಾಗಿತ್ತೆಂಬುದಕ್ಕೆ ಇತಿಹಾಸವೇ ಸಾಕ್ಷಿ. ಕಲಚುರಿಗಳ ಆಳಿಕೆ ಆ ಶತಮಾನ ಮುಗಿಯುವುದರೊಳಗೆ ಅಳಿಯಿತು. ವಚನಗಳು ಅಳಿಯಲಿಲ್ಲ. ಹದಿನೈದನೆಯ ಶತಮಾನದ ಸಂಕಲನಕಾರರು ಅವುಗಳನ್ನು ಮತ್ತೆ ಜೋಡಿಸಿದರು. ವಿರೂಪಾಕ್ಷ ಪಂಡಿತನು ಹದಿನಾರನೆಯ ಶತಮಾನದಲ್ಲಿ ಚೆನ್ನಬಸವಪುರಾಣವನ್ನು ರಚಿಸಿದನು. ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ಮನೆಮನೆಗೆ ಅಲೆದು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಹೊರಲು ಆಯ್ದುಕೊಂಡುದು ಉಳಿಯಿತು.

ಈ ಸೀಮೆಯು ಅದೇ ಪ್ರಶ್ನೆಯನ್ನು ನಮ್ಮ ಕಾಲದಲ್ಲಿಯೂ ಕಂಡಿದೆ. 1959ರಲ್ಲಿ ನಾಡು ತೊರೆದು ಬಂದ ಟಿಬೆಟಿಯನ್ನರಿಗೆ 1966ರಲ್ಲಿ ಮುಂಡಗೋಡದಲ್ಲಿ ನೆಲೆ ದೊರೆಯಿತು. ಕೆಲವು ವರ್ಷಗಳಲ್ಲಿಯೇ ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳು ಅಲ್ಲಿ ಪುನಃ ತಲೆಯೆತ್ತಿದವು. ಕಾಡು ಕಡಿದು ಹೊಲ ಮಾಡುತ್ತಲೇ ಅಲ್ಲಿನ ಭಿಕ್ಷುಗಳು ತರ್ಕಾಭ್ಯಾಸವನ್ನು ಮುಂದುವರಿಸಿದರು. ಕುಳಿತವನು ಉತ್ತರಿಸಬೇಕು, ನಿಂತವನು ಚಪ್ಪಾಳೆ ತಟ್ಟಿ ಪ್ರಶ್ನಿಸಬೇಕು. ಗುರುವಾಕ್ಯವೆಂಬ ಕಾರಣಕ್ಕೇ ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದು. ಅನುಭವಮಂಟಪದ ಸಂವಾದಗಳನ್ನು ಬಲ್ಲ ನಮಗೆ ಈ ಪದ್ಧತಿ ಅಪರಿಚಿತವೆನಿಸದು. ಇತ್ತ ಕಾಳಿ ನದಿಗೆ ಅಣೆಕಟ್ಟಾದಾಗ ಸೂಪಾ ಊರೇ ಮುಳುಗಿತು. ತಾಲೂಕಿನ ಕೇಂದ್ರವು ಜೋಯಿಡಾಕ್ಕೆ ಬಂದಿತು. ನಾಡಿಗೆ ಬೆಳಕು ಕೊಟ್ಟ ಆ ನೀರಿನಡಿಯಲ್ಲಿ ಕೆಲವರ ಮನೆ, ಗದ್ದೆ, ಗುಡಿಗಳಿವೆ. ಅವರು ಬಿಟ್ಟುದು ತಾವಾಗಿ ಆಯ್ದುಕೊಂಡ ತ್ಯಾಗವಲ್ಲ; ಅದನ್ನು ವೈರಾಗ್ಯವೆಂದು ಹೊಗಳುವುದು ವಿವೇಕವೂ ಅಲ್ಲ. ತನಗೆ ಬಂದ ನಷ್ಟವನ್ನು ಸಮಚಿತ್ತದಿಂದ ತಾಳುವುದು ಒಂದು. ಪರರ ನಷ್ಟವನ್ನು ಹಗುರಾಗಿ ಎಣಿಸುವುದು ಇನ್ನೊಂದು. ಇವೆರಡನ್ನು ಬೇರ್ಪಡಿಸಿ ಕಾಣದವನ ಅಂತರಂಗದ ಬಿಡುಗಡೆಯು ಬರಿಯ ನಿರ್ದಯತೆಯಾದೀತು.

ಮಾಘಮಾಸದ ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಉಳವಿಯ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಗಳ ರೈತರು ಇಂದಿಗೂ ಚಕ್ಕಡಿ ಕಟ್ಟಿಕೊಂಡು ಹೊರಡುತ್ತಾರೆ. ರೊಟ್ಟಿಬುತ್ತಿ, ಎತ್ತಿಗೆ ಮೇವು, ಹಾಸಿಗೆ ಇಷ್ಟು ಸಾಕು. ಚಕ್ಕಡಿಯಲ್ಲಿ ಹಿಡಿಸುವಷ್ಟನ್ನೇ ಒಯ್ಯಬೇಕಾದ ಈ ಪಯಣವೇ ಒಂದು ಪಾಠ. ದಿನದಲ್ಲಿ ಒಮ್ಮೆ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಕುಳಿತಾಗ ಶರಣಬಂಧುಗಳು ತಮ್ಮನ್ನು ತಾವು ಕೇಳಿಕೊಳ್ಳಲಿ: ನಾಳೆಯೇ ಊರು ಬಿಡಬೇಕಾಗಿ ಬಂದರೆ ನಾನು ಹೊರಬೇಕಾದುದು ಯಾವುದು? ಅದನ್ನು ಇಂದೇ ಗುರುತಿಸಿ, ಉಳಿದುದನ್ನು ಅರ್ಪಣಭಾವದಿಂದ ಬಳಸುವವನಿಗೆ ಮನೆಯೂ ಬಂಧನವಲ್ಲ, ಕಾಡೂ ಭಯವಲ್ಲ. ಚೆನ್ನಬಸವಣ್ಣನವರು ಷಟ್‍ಸ್ಥಲದಲ್ಲಿ ಬೋಧಿಸಿದುದೂ ಉಳವಿಯ ದಾರಿಯಲ್ಲಿ ನಡೆದು ತೋರಿದುದೂ ಈ ಅವಧಾನವನ್ನೇ.