ಲಾಠಿ ಹಿಡಿದ ಕೈ, ಬಣ್ಣ ಹಚ್ಚಿದ ಮುಖ: ನಟ ಸತ್ಯನ್ ಅವರ ಆರಂಭದ ವರ್ಷಗಳು

ನೆರೆಯ ಕೇರಳದ ಚಲನಚಿತ್ರರಂಗದಲ್ಲಿ ಸತ್ಯನ್ ಎಂಬ ಹೆಸರಿಗೆ ವಿಶಿಷ್ಟವಾದ ಸ್ಥಾನವಿದೆ. 1965ರಲ್ಲಿ ತೆರೆಕಂಡ ‘ಚೆಮ್ಮೀನ್’ ಚಿತ್ರವನ್ನು ನೋಡಿದವರು, ಕಡಲಿನೊಡನೆ ಸೆಣಸುವ ಆ ಬೆಸ್ತ ಪಳನಿಯನ್ನು ಮರೆತಿರಲಾರರು. ಆದರೆ ಈಗ ನಾನು ಹೇಳಹೊರಟಿರುವುದು ಕೀರ್ತಿಶಿಖರವನ್ನು ಏರಿದ ಸತ್ಯನ್ ಅವರ ವಿಚಾರವನ್ನಲ್ಲ. ಆ ಏರುದಾರಿಯ ಮೊದಲ ಮೆಟ್ಟಿಲುಗಳ ವಿಚಾರವನ್ನು. ಒಬ್ಬ ನಟನ ಆರಂಭದ ವರ್ಷಗಳು ಕೆಲವೊಮ್ಮೆ ಒಂದು ನಾಡಿನ ಇತಿಹಾಸದೊಡನೆ ಹೆಣೆದುಕೊಂಡಿರುತ್ತವೆ. ಸತ್ಯನ್ ಅವರ ಮಟ್ಟಿಗೆ ಆ ಹೆಣಿಗೆ ಸುಲಭವಾಗಿ ಬಿಡಿಸಲಾರದಷ್ಟು ಬಿಗಿಯಾದುದು.

ಅವರ ಪೂರ್ಣ ಹೆಸರು ಸತ್ಯನೇಶನ್. ಹುಟ್ಟಿದ್ದು 1912ರ ನವೆಂಬರ್ 9ರಂದು, ತಿರುವನಂತಪುರದ ಪರಿಸರದ ಒಂದು ಕ್ರೈಸ್ತ ನಾಡಾರ್ ಕುಟುಂಬದಲ್ಲಿ. ಮಲಯಾಳದ ವಿದ್ವಾನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕೆಲಕಾಲ ಶಾಲಾ ಉಪಾಧ್ಯಾಯರಾಗಿದ್ದರು. ಬಳಿಕ ತಿರುವಾಂಕೂರು ಸರಕಾರದ ಸಚಿವಾಲಯದಲ್ಲಿ ಗುಮಾಸ್ತರಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯವನ್ನು ಸೇರಿ ಮಣಿಪುರ, ಬರ್ಮಾಗಳ ಕಡೆ ಸೇವೆ ಸಲ್ಲಿಸಿದರು. ಯುದ್ಧ ಮುಗಿದು ಊರಿಗೆ ಮರಳಿದ ಮೇಲೆ ತಿರುವಾಂಕೂರು ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾದರು. ಬೆತ್ತ, ಲೇಖನಿ, ಬಂದೂಕು, ಲಾಠಿ – ಮೂವತ್ತೈದು ತುಂಬುವುದರೊಳಗೆ ಈ ನಾಲ್ಕನ್ನೂ ಹಿಡಿದ ಕೈ ಅದು. ಬಣ್ಣದ ಡಬ್ಬಿಯೊಂದು ಮಾತ್ರ ಇನ್ನೂ ಬಾಕಿಯಿತ್ತು.

ಅವರು ಪೊಲೀಸ್ ಅಧಿಕಾರಿಯಾಗಿ ನಿಂತ ಸ್ಥಳ ಮತ್ತು ಕಾಲವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸ್ಥಳ ಆಲಪ್ಪುಳ, ಕಾಲ 1946. ಆಲಪ್ಪುಳ ಆಗ ತೆಂಗಿನ ನಾರಿನ ಕಾರ್ಖಾನೆಗಳ ಊರು. ಕಾರ್ಮಿಕರು ಬಲವಾದ ಸಂಘ ಕಟ್ಟಿಕೊಂಡಿದ್ದರು. ಕಮ್ಯೂನಿಸ್ಟ್ ಪಕ್ಷ ಅವರ ನಡುವೆ ಬೇರೂರಿತ್ತು. ಬ್ರಿಟಿಷರು ಹೊರಟ ಮೇಲೂ ತಿರುವಾಂಕೂರನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳುವುದು ದಿವಾನ್ ಸಿ. ಪಿ. ರಾಮಸ್ವಾಮಿ ಅಯ್ಯರ್ ಅವರ ಹವಣಿಕೆ. ಜನರಿಂದ ಆಯ್ಕೆಯಾದ ಶಾಸನಸಭೆ ಇದ್ದರೂ ಆಡಳಿತದ ಹಗ್ಗ ದಿವಾನರ ಕೈಯಲ್ಲೇ ಇರಬೇಕೆಂಬ ಯೋಜನೆ ಅವರದು. ಇದರ ವಿರುದ್ಧ ಎದ್ದ ಹೋರಾಟವೇ ಪುನ್ನಪ್ರ–ವಯಲಾರ್. 1946ರ ಅಕ್ಟೋಬರ್ 24ರಂದು ಕಾರ್ಮಿಕರು ಪುನ್ನಪ್ರದ ಪೊಲೀಸ್ ಶಿಬಿರದ ಮೇಲೆ ನುಗ್ಗಿದರು. 27ರಂದು ವಯಲಾರಿನಲ್ಲಿ ಸೈನ್ಯದ ಗುಂಡುಗಳಿಗೆ ಜನ ಬಲಿಯಾದರು. ಅಂದು ಮಡಿದವರು ಎಷ್ಟು ಜನ ಎಂಬ ಪ್ರಶ್ನೆಗೆ ಸರಕಾರ ಒಂದು ಲೆಕ್ಕ ಹೇಳಿತು, ಜನ ಇನ್ನೊಂದು ಲೆಕ್ಕ ಹೇಳಿದರು.

ಆ ದಿನಗಳ ಆಲಪ್ಪುಳದಲ್ಲಿ ಸರಕಾರದ ಲಾಠಿ ಹಿಡಿದಿದ್ದವರಲ್ಲಿ ಸತ್ಯನೇಶನ್ ಒಬ್ಬರು. ಚಳವಳಿಗಾರರ ನೆನಪಿನಲ್ಲಿ ಇನ್‌ಸ್ಪೆಕ್ಟರ್ ಸತ್ಯನೇಶನ್ ಎಂಬ ಹೆಸರು ಕಠೋರನಾದ ಅಧಿಕಾರಿಯ ಹೆಸರಾಗಿಯೇ ಉಳಿದುಬಂತು. ಅವರ ಚರಿತ್ರೆಯನ್ನು ಬರೆಯುವವರು ಈ ಪುಟವನ್ನು ಮಡಿಸಿಟ್ಟು ಮುಂದೆ ಸಾಗುವಂತಿಲ್ಲ. ಮುಂದಿನ ಪುಟಗಳಿಗೆ ಅರ್ಥ ಬರುವುದೇ ಇದರಿಂದ.

ಇನ್ನು ಆ ಕಾಲದ ಮಲಯಾಳ ಚಿತ್ರರಂಗದ ಸ್ಥಿತಿಯನ್ನು ನೋಡೋಣ. ಮೊದಲ ಮೂಕಚಿತ್ರ ‘ವಿಗತಕುಮಾರನ್’ ಅನ್ನು ತಯಾರಿಸಿದವರು ಜೆ. ಸಿ. ಡೇನಿಯಲ್. ಅದರಲ್ಲಿ ಪಿ. ಕೆ. ರೋಸಿ ಎಂಬ ದಲಿತ ಹೆಣ್ಣುಮಗಳು ನಾಯರ್ ಸ್ತ್ರೀಯ ಪಾತ್ರವನ್ನು ವಹಿಸಿದಳೆಂಬ ಕಾರಣಕ್ಕೆ ಮೇಲುಜಾತಿಯ ಜನ ರೊಚ್ಚಿಗೆದ್ದು ಆಕೆಯನ್ನು ಊರು ಬಿಡಿಸಿದರು. ಮೊದಲ ವಾಕ್ಚಿತ್ರ ‘ಬಾಲನ್’ 1938ರಲ್ಲಿ ಸೇಲಂನ ಮಾಡರ್ನ್ ಥಿಯೇಟರ್ಸ್‌ನಲ್ಲಿ ತಯಾರಾಯಿತು. ಹೀಗೆ ಮಲಯಾಳ ಚಿತ್ರ ಬಹುಕಾಲ ತಮಿಳುನಾಡಿನ ಸ್ಟುಡಿಯೋಗಳ ಆಶ್ರಯದಲ್ಲಿ, ತಮಿಳು ಸಂಗೀತ ನಾಟಕಗಳ ಶೈಲಿಯಲ್ಲಿ ಬೆಳೆಯಿತು. 1947ರಲ್ಲಿ ಕುಂಚಾಕ್ಕೊ ಅವರು ಉದಯಾ ಸ್ಟುಡಿಯೋವನ್ನು ಸ್ಥಾಪಿಸಿದ್ದು ಇದೇ ಆಲಪ್ಪುಳದಲ್ಲಿ. ನಾಲ್ಕು ವರ್ಷಗಳ ತರುವಾಯ ಪಿ. ಸುಬ್ರಹ್ಮಣ್ಯಂ ಅವರ ಮೆರಿಲ್ಯಾಂಡ್ ತಿರುವನಂತಪುರದಲ್ಲಿ ತಲೆಯೆತ್ತಿತು. ಮನೆಯ ಬಾಗಿಲಿಗೇ ಸಿನಿಮಾ ಬಂದಂತಾಯಿತು.

ಅಭಿನಯದ ಹಂಬಲ ಸತ್ಯನೇಶನ್ ಅವರಲ್ಲಿ ಹಿಂದಿನಿಂದಲೂ ಇತ್ತು. ಪ್ರಸಿದ್ಧ ರಂಗನಟ ಸೆಬಾಸ್ಟಿಯನ್ ಕುಂಞುಕುಂಞು ಭಾಗವತರ ಸ್ನೇಹದಿಂದ ಚಿತ್ರರಂಗದ ಕೆಲವರ ಪರಿಚಯವಾಯಿತಾದರೂ ಪಾತ್ರ ದೊರೆಯಲಿಲ್ಲ. ಕೊನೆಗೆ ‘ಕೌಮುದಿ’ ಪತ್ರಿಕೆಯ ಸಂಪಾದಕ ಕೆ. ಬಾಲಕೃಷ್ಣನ್ ಅವರ ಮೂಲಕ ‘ತ್ಯಾಗಸೀಮಾ’ ಎಂಬ ಚಿತ್ರದಲ್ಲಿ ಅವಕಾಶ ಸಿಕ್ಕಿತು. ಸತ್ಯನೇಶನ್ ಇಲಾಖೆಗೆ ರಾಜೀನಾಮೆ ಕೊಟ್ಟು, ಹೆಸರನ್ನು ಸತ್ಯನ್ ಎಂದು ಮೊಟಕುಗೊಳಿಸಿಕೊಂಡರು. ಆದರೆ ಆ ಚಿತ್ರ ತೆರೆಯನ್ನು ಕಾಣಲೇ ಇಲ್ಲ! ಸರಕಾರಿ ನೌಕರಿಯನ್ನು ಬಿಟ್ಟು, ನಲವತ್ತರ ಹೊಸ್ತಿಲಲ್ಲಿ, ಬಿಡುಗಡೆಯಾಗದ ಒಂದು ಚಿತ್ರವನ್ನು ನೆಚ್ಚಿ ನಿಂತ ಗೃಹಸ್ಥನ ಪಾಡನ್ನು ಊಹಿಸಿಕೊಳ್ಳಬಹುದು. ಅವರದು ಕಪ್ಪು ಮೈಬಣ್ಣ, ಸಾಧಾರಣ ಎತ್ತರ. ಅಂದಿನ ನಾಯಕನಟರಿಗೆ ಇರಬೇಕೆಂದು ಜನ ಬಯಸುತ್ತಿದ್ದ ರೂಪವಾಗಲಿ ಹಾಡುವ ಕಂಠವಾಗಲಿ ಅವರಿಗಿರಲಿಲ್ಲ. 1952ರಲ್ಲಿ ಮೆರಿಲ್ಯಾಂಡಿನ ‘ಆತ್ಮಸಖಿ’ ಅವರ ಕೈಹಿಡಿಯಿತು. ಮರುವರ್ಷ ಬಂದ ‘ಆಶಾದೀಪಂ’ ಮಲಯಾಳ, ತಮಿಳು ಎರಡರಲ್ಲೂ ತಯಾರಾದ ಚಿತ್ರ. ತಮಿಳಿನಲ್ಲಿ ಅದರ ಹೆಸರು ‘ಆಶೈ ಮಗನ್’. ಒಂದೇ ಕಥೆಯನ್ನು ಎರಡು ಭಾಷೆಗಳಲ್ಲಿ ತೆಗೆದು ಹಣ ಮರಳಿ ಬರುವಂತೆ ನೋಡಿಕೊಳ್ಳುವುದು ಅಂದಿನ ನಿರ್ಮಾಪಕರು ಬಲ್ಲ ಉಪಾಯ.

ಅನಂತರ ಬಂದದ್ದು ‘ನೀಲಕ್ಕುಯಿಲ್’. ಇದರ ಹಿಂದಿದ್ದವರ ಹೆಸರುಗಳನ್ನು ಗಮನಿಸಬೇಕು. ಕಥೆ ಉರೂಬ್ ಅವರದು, ಸಂಗೀತ ಕೆ. ರಾಘವನ್ ಅವರದು, ಗೀತೆಗಳು ಪಿ. ಭಾಸ್ಕರನ್ ಅವರವು. ಮೂವರೂ ಆಕಾಶವಾಣಿಯ ಕೋಳಿಕ್ಕೋಡ್ ನಿಲಯದಲ್ಲಿ ದುಡಿದವರೆಂಬುದು ರೇಡಿಯೋ ಕೇಳುಗರಿಗೆ ಸಂತೋಷ ಕೊಡುವ ಸಂಗತಿ. ರಾಮು ಕಾರಿಯಾಟ್ ಅವರೊಡಗೂಡಿ ಭಾಸ್ಕರನ್ ಚಿತ್ರವನ್ನು ನಿರ್ದೇಶಿಸಿದರು. ಈ ಭಾಸ್ಕರನ್ ಯಾರು? ಪುನ್ನಪ್ರ–ವಯಲಾರಿನ ಹುತಾತ್ಮರನ್ನು ಕುರಿತು ‘ವಯಲಾರ್ ಗರ್ಜಿಕ್ಕುನ್ನು’ ಎಂಬ ಕಾವ್ಯವನ್ನು ಗುಪ್ತನಾಮದಲ್ಲಿ ಬರೆದವರು. ಆ ಕೃತಿಯನ್ನು ತಿರುವಾಂಕೂರು ಸರಕಾರ ನಿಷೇಧಿಸಿತ್ತು. ವಯಲಾರಿನ ಕವಿ ತನ್ನ ಚಿತ್ರದ ನಾಯಕಪಾತ್ರವನ್ನು ಆಲಪ್ಪುಳದ ಇನ್‌ಸ್ಪೆಕ್ಟರನ ಕೈಗೆ ಕೊಟ್ಟರು! ಪುನ್ನಪ್ರದ ಅಕ್ಟೋಬರಿಗೂ, ‘ನೀಲಕ್ಕುಯಿಲ್’ ಬಿಡುಗಡೆಯಾದ 1954ರ ಅಕ್ಟೋಬರಿಗೂ ನಡುವೆ ಇದ್ದದ್ದು ಎಂಟೇ ವರ್ಷ.

ಆ ಪಾತ್ರವಾದರೂ ಎಂಥದು? ಶ್ರೀಧರನ್ ನಾಯರ್ ಹಳ್ಳಿಯ ಶಾಲೆಯ ಮೇಷ್ಟ್ರು, ಊರಿಗೆ ಗೌರವಸ್ಥ. ಹೊಲದಲ್ಲಿ ದುಡಿಯುವ ಅಸ್ಪೃಶ್ಯ ಯುವತಿ ನೀಲಿಯನ್ನು ಪ್ರೀತಿಸುತ್ತಾನೆ. ಆಕೆ ಗರ್ಭಿಣಿಯಾದಾಗ ಜಾತಿಗೂ ಜನದ ಬಾಯಿಗೂ ಹೆದರಿ ಕೈಬಿಟ್ಟು, ತನ್ನ ಜಾತಿಯ ಹೆಣ್ಣನ್ನೇ ಮದುವೆಯಾಗುತ್ತಾನೆ. ಊರಿನಿಂದ ಬಹಿಷ್ಕೃತಳಾದ ನೀಲಿ ಮಗುವನ್ನು ಹೆತ್ತು ರೈಲು ಹಳಿಯ ಬಳಿ ಸಾಯುತ್ತಾಳೆ. ಮಗುವನ್ನು ಎತ್ತಿಕೊಂಡು ಸಾಕುವವನು ಅಂಚೆಯ ಶಂಕರನ್ ನಾಯರ್. ಆ ಪಾತ್ರ ಸ್ವತಃ ಭಾಸ್ಕರನ್ ಅವರದು. ವರ್ಷಗಳು ಕಳೆದ ಮೇಲೆ, ಮಕ್ಕಳಿಲ್ಲದ ಮೇಷ್ಟ್ರು ಆ ಹುಡುಗ ತನ್ನವನೆಂದು ಒಪ್ಪಿಕೊಂಡು ಶಂಕರನ್ ನಾಯರನ ಮುಂದೆ ನಿಲ್ಲುತ್ತಾನೆ. ವಯಲಾರನ್ನು ಹಾಡಿದವನ ಎದುರಿನಲ್ಲಿ, ಆಲಪ್ಪುಳದಲ್ಲಿ ಲಾಠಿ ಹಿಡಿದವನು ತಲೆತಗ್ಗಿಸಿ ನಿಂತ ಆ ದೃಶ್ಯ ಕಥೆಗಾರ ಹೆಣೆದದ್ದೇ ಸರಿ. ಆದರೆ ಆಲಪ್ಪುಳದ ಪ್ರೇಕ್ಷಕನಿಗೆ ಅಲ್ಲಿ ಎರಡು ಕಥೆಗಳು ಕಂಡಿದ್ದರೆ ಸೋಜಿಗವೇನಿಲ್ಲ.

ಈ ಪಾತ್ರಕ್ಕೆ ಖಳನ ಆರ್ಭಟವೂ ಸಲ್ಲದು, ನಾಯಕನ ಬೆಡಗೂ ಸಲ್ಲದು. ಬೇಕಾದದ್ದು ತಪ್ಪನ್ನು ಬಲ್ಲವನ ಮೌನ, ಹೇಡಿಯಾದ ಸಜ್ಜನನ ಬಿಗಿದ ಮುಖ. ಕಂಪನಿ ನಾಟಕದಲ್ಲಿ ಪಳಗಿದವರಲ್ಲದ ಸತ್ಯನ್ ಅವರಿಗೆ ಕೈಬೀಸಿ ಮಾತನಾಡುವ ಅಭ್ಯಾಸವಿರಲಿಲ್ಲ. ಕೊರತೆಯೆಂದು ಎಣಿಸಬಹುದಾಗಿದ್ದುದೇ ಗುಣವಾಯಿತು. ಮಿಸ್ ಕುಮಾರಿ ಅವರ ನೀಲಿಯ ಎದುರಿನಲ್ಲಿ ಅವರ ಶ್ರೀಧರನ್ ನಾಯರ್ ಮಲಯಾಳ ಚಿತ್ರಕ್ಕೆ ಒಂದು ಹೊಸ ಬಗೆಯ ನಟನೆಯನ್ನು ತೋರಿಸಿಕೊಟ್ಟಿತು. ಚಿತ್ರಕ್ಕೆ ರಾಷ್ಟ್ರಪತಿಗಳ ರಜತ ಪದಕ ಸಂದಿತು. ಅದೇ ಸಾಲಿನ ಪ್ರಶಸ್ತಿಗಳಲ್ಲಿ ಕನ್ನಡಕ್ಕೆ ಅರ್ಹತಾಪತ್ರ ತಂದ ಚಿತ್ರ ‘ಬೇಡರ ಕಣ್ಣಪ್ಪ’. ಗುಬ್ಬಿ ಕಂಪನಿಯ ಗರಡಿಯಲ್ಲಿ ಪಳಗಿದ ರಾಜಕುಮಾರ್ ಅಲ್ಲಿ ನಾಯಕರಾಗಿ ಕಾಲಿರಿಸಿದರು. ಒಬ್ಬರು ರಂಗಭೂಮಿಯಿಂದ, ಇನ್ನೊಬ್ಬರು ಪೊಲೀಸ್ ಠಾಣೆಯಿಂದ. ಎರಡು ನಾಡುಗಳ ಚಿತ್ರರಂಗಕ್ಕೆ ಒಂದೇ ವರ್ಷದಲ್ಲಿ ಇಬ್ಬರು ನಾಯಕರು ದೊರೆತರು.

ಮುಂದಿನ ದಾರಿ ಇನ್ನೂ ವಿಚಿತ್ರ. ಅಂದು ದುಡಿಯುವವರ ಎದುರು ನಿಂತಿದ್ದ ವ್ಯಕ್ತಿ ತೆರೆಯ ಮೇಲೆ ದುಡಿಯುವವರ ಮುಖವಾದರು. 1965ರಲ್ಲಿ, ಕೇಶವದೇವ್ ಅವರ ಕಾದಂಬರಿಯನ್ನು ಆಧರಿಸಿದ ‘ಓಡಯಿಲ್ ನಿನ್ನು’ ಚಿತ್ರದಲ್ಲಿ ರಿಕ್ಷಾ ಎಳೆಯುವ ಪಪ್ಪು. 1970ರಲ್ಲಿ, ತೋಪ್ಪಿಲ್ ಭಾಸಿ ಅವರ ಹೆಸರಾಂತ ನಾಟಕ ‘ನಿಂಗಳೆನ್ನೆ ಕಮ್ಯೂನಿಸ್ಟಾಕ್ಕಿ’ ಚಿತ್ರವಾದಾಗ ಪರಮು ಪಿಳ್ಳೆ – ನಾಟಕದ ಕೊನೆಯಲ್ಲಿ ಕೆಂಬಾವುಟವನ್ನು ಕೈಗೆ ತೆಗೆದುಕೊಳ್ಳುವ ಮುದುಕ. ಅದನ್ನು ತಯಾರಿಸಿದ್ದು ಆಲಪ್ಪುಳದ ಉದಯಾ. ತಕಳಿಯವರ ಕಾದಂಬರಿಯಿಂದ ಬಂದ ‘ಅನುಭವಂಗಳ್ ಪಾಳಿಚ್ಚಗಳ್’ ಚಿತ್ರದಲ್ಲಿ ಕಮ್ಯೂನಿಸ್ಟ್ ಕಾರ್ಮಿಕ ಚೆಲ್ಲಪ್ಪನ್. ಆ ಚಿತ್ರ ಮುಗಿಯುವ ಮೊದಲೇ, 1971ರ ಜೂನ್ 15ರಂದು, ರಕ್ತದ ಕ್ಯಾನ್ಸರಿಗೆ ತುತ್ತಾಗಿ ಸತ್ಯನ್ ತೀರಿಕೊಂಡರು.

ಪಶ್ಚಾತ್ತಾಪದಿಂದ ಅವರು ಇಂಥ ಪಾತ್ರಗಳನ್ನು ಆರಿಸಿಕೊಂಡರು ಎಂದು ಹೇಳಿಬಿಟ್ಟರೆ ಕಥೆಗೆ ಒಂದು ಅಂದವಾದ ಮುಕ್ತಾಯ ದೊರೆಯುತ್ತದೆ. ಆದರೆ ಒಬ್ಬನ ಅಂತರಂಗಕ್ಕೆ ನಾವು ಸಾಕ್ಷಿ ಹೇಳಬಾರದು. ನಟನೆಯಿಂದ ಹಿಂದಿನದೆಲ್ಲ ತೊಳೆದುಹೋಯಿತೆನ್ನುವುದೂ ಸಲ್ಲದು. ಏಟು ತಿಂದವರ ಮೈಯ ಕಲೆ ಪರದೆಯ ಬೆಳಕಿನಿಂದ ಮಾಯುವಂಥದಲ್ಲ. ಇಷ್ಟನ್ನು ಮಾತ್ರ ಇತಿಹಾಸ ಹೇಳುತ್ತದೆ: ಎದುರು ಬಣದಲ್ಲಿದ್ದವರು ಅವರಿಗೆ ಒಂದು ಪಾತ್ರವನ್ನು ಕೊಟ್ಟರು; ಅವರು ಅದನ್ನು ಪ್ರಾಮಾಣಿಕವಾಗಿ ನಿರ್ವಹಿಸಿದರು; ಎಲ್ಲವನ್ನೂ ಬಲ್ಲ ಜನ ಚಿತ್ರಮಂದಿರದಲ್ಲಿ ಕುಳಿತು ಆ ರಿಕ್ಷಾದ ಪಪ್ಪುವಿಗಾಗಿ ಕಣ್ಣೀರಿಟ್ಟರು. ಅದನ್ನು ಕ್ಷಮೆಯೆನ್ನಬೇಕೋ ಮರೆವೆನ್ನಬೇಕೋ ಎಂದು ನಿರ್ಣಯಿಸುವ ಹಕ್ಕು ವಯಲಾರಿನ ಜನರದು, ನಮ್ಮದಲ್ಲ. ಆದರೆ ಮನುಷ್ಯನೊಬ್ಬನನ್ನು ಅವನು ಮಾಡಿದ ಒಂದೇ ಕೆಲಸದಿಂದ ಅಳೆದು ಮುಗಿಸಲಾಗದು ಎಂಬ ಮಾತನ್ನು ಕೇರಳದ ಆ ಕವಿಗಳೂ ಪ್ರೇಕ್ಷಕರೂ ನಮಗಿಂತ ಮೊದಲೇ ಅರಿತಿದ್ದರು.