ಗಿಂತ

ಹಂಪಿಯ ಹೇಮಕೂಟದ ಇಳಿಜಾರಿನಲ್ಲಿ ಇಬ್ಬರು ಏಕಶಿಲಾ ಗಣಪರಿದ್ದಾರೆ. ಸಾಸಿವೆಕಾಳು ಗಣಪ ಸುಮಾರು 8 ಅಡಿ, ಕಡಲೆಕಾಳು ಗಣಪ ಸುಮಾರು 15 ಅಡಿ. ಯಾವ ಗಣಪ ದೊಡ್ಡವನೆಂದು ಕಾಳುಗಳೇ ಹೇಳಿಬಿಡುತ್ತವೆ.

ಇದನ್ನೇ ಪ್ರವಾಸಿಗೆ ಇಂಗ್ಲಿಷಿನಲ್ಲಿ ಹೇಳಹೊರಟಾಗ ‘ಮೋರ್ ಬಿಗ್ಗರ್’ ಎಂಬ ಮಾತು ಎಷ್ಟೋ ಜನರ ಬಾಯಿಗೆ ಬರುತ್ತದೆ. ಅದು ದಡ್ಡತನವಲ್ಲ, ಒಳಗಿರುವ ಕನ್ನಡದ ಒತ್ತಡ. ಕನ್ನಡದಲ್ಲಿ ‘ದೊಡ್ಡದು’ ಯಾವತ್ತೂ ದೊಡ್ಡದೇ. ಹೋಲಿಕೆಯ ಭಾರವನ್ನೆಲ್ಲ ಪಕ್ಕದ ನಾಮಪದದ ಬಾಲ ಹೊರುತ್ತದೆ. ಹೊಸಪೇಟೆಗಿಂತ ಸಂಡೂರು ತಂಪು. ಇಲ್ಲಿ ‘ತಂಪು’ ಒಂದಿಷ್ಟೂ ಬದಲಾಗಲಿಲ್ಲ, ಬಾಲ ಬೆಳೆದದ್ದು ಹೊಸಪೇಟೆಗೆ. ಒತ್ತಿ ಹೇಳಬೇಕಾದರೆ ‘ಇನ್ನೂ ತಂಪು’ ಎನ್ನುತ್ತೇವೆ. ಆ ‘ಇನ್ನೂ’ ಇಂಗ್ಲಿಷಿಗೆ ಹೋಗುವಾಗ ‘ಮೋರ್’ ವೇಷ ತೊಡುತ್ತದೆ. ಆದರೆ ಬಿಗ್ ಆಗಲೇ ಬಿಗ್ಗರ್ ಆಗಿದೆ, ಬಾಲ ಅದಕ್ಕೇ ಬಂದಿದೆ. ‘ಮೋರ್’ ಬೇಕಾಗುವುದು ಬಾಲ ಒಗ್ಗದ ಬ್ಯೂಟಿಫುಲ್‌ನಂಥ ಉದ್ದ ಪದಗಳಿಗೆ. ‘ಇನ್ನೂ’ ಬೇಕೇಬೇಕೆಂದರೆ ‘ಈವನ್ ಬಿಗ್ಗರ್’, ‘ಸ್ಟಿಲ್ ಬಿಗ್ಗರ್’ ಇವೆ.

‘ಸೀನಿಯರ್ ದ್ಯಾನ್ ಮೀ’ ಎಂಬುದರ ಹಿಂದೆ ಇರುವುದೂ ‘ನನಗಿಂತ ಸೀನಿಯರ್’. ಸೀನಿಯರ್, ಜೂನಿಯರ್ ಎರಡೂ ಲ್ಯಾಟಿನ್‌ನಲ್ಲೇ ಹೋಲಿಕೆಯ ರೂಪ ಪಡೆದು ಬಂದವು; ಇಂಗ್ಲಿಷಿನಲ್ಲಿ ಅವಕ್ಕೆ ಹೊಂದುವುದು ‘ಟು’. ನೆನಪಿಗೆ ಕನ್ನಡವೇ ದಾರಿ ಕೊಡುತ್ತದೆ. ‘ನನಗಿಂತ’ವನ್ನು ಬಿಡಿಸಿದರೆ ‘ನನಗೆ’ ಮತ್ತು ‘ಇಂತ’. ಆ ‘ಗೆ’ಯೇ ಇಂಗ್ಲಿಷಿನ ‘ಟು’. ಶಾಲೆಯಲ್ಲಿ ಹೀಗೆ ಬಿಡಿಸಿ ತೋರಿಸಿದರೆ ಮಕ್ಕಳು ಬಾಯಿಪಾಠದ ಅರ್ಧ ಭಾರ ಇಳಿಸಿಕೊಂಡಾರು.

ಹೋಲಿಕೆಯನ್ನು ಎರಡೆರಡು ಸಲ ಹೇರುವ ಅಭ್ಯಾಸ ಬರೀ ನಮ್ಮದಲ್ಲ. ಶೇಕ್ಸ್‌ಪಿಯರನ ಕಾಲದ ಇಂಗ್ಲಿಷಿನಲ್ಲೂ ಇದು ಸಲೀಸಾಗಿ ನಡೆಯುತ್ತಿತ್ತು. ಸಂಸ್ಕೃತದಲ್ಲಿ ‘ಉತ್ತಮ’ವೆಂದರೆ ಎಲ್ಲಕ್ಕಿಂತ ಮೇಲಿನದು, ಅದರ ಮೇಲೆ ‘ಅತಿ’ ಸೇರಿ ಆದ ‘ಅತ್ಯುತ್ತಮ’ವನ್ನು ಯಾರೂ ತಪ್ಪೆನ್ನುವುದಿಲ್ಲ. ಅದೇ ಸಂಸ್ಕೃತದಲ್ಲಿ ಹೋಲಿಕೆಗೆ ಇರುವ ಪ್ರತ್ಯಯಗಳು ‘ತರ’, ‘ತಮ’. ಎರಡೂ ಕೂಡಿ ‘ತರತಮ’ವಾಯಿತು, ಅದರಿಂದ ‘ತಾರತಮ್ಯ’ ಹುಟ್ಟಿತು. ವ್ಯಾಕರಣದ ಎರಡು ಬಾಲಗಳು ಇಂದು ನ್ಯಾಯ ಕೇಳುವವರ ಅರ್ಜಿಯಲ್ಲಿ ಕುಳಿತಿವೆ.

‘ಗಿಂತ’ ಮಾತ್ರ ಅಂಥ ಯಾವ ಭಾರವನ್ನೂ ಹೊತ್ತುಕೊಳ್ಳಲಿಲ್ಲ. ತುಂಗಭದ್ರೆಯ ನೀರುಂಡ ಕಂಪ್ಲಿ ಸೀಮೆಯಲ್ಲಿ ಭತ್ತವೇ ಬದುಕು. ಅಲ್ಲಿ ಅಕ್ಕಿ ಕೊಳ್ಳುವವರು ಒಂದು ಹಿಡಿಯನ್ನು ಅಂಗೈಗೆ ಸುರಿದುಕೊಂಡು, ಬೆರಳಲ್ಲಿ ಕೆದಕಿ ನೋಡಿ ಕೇಳುತ್ತಾರೆ: “ಇದಕಿಂತ ಹಳೇದು ಐತೇನ್ರಿ?”