ಗಡಿನಾಡ ಕನ್ನಡ ಮತ್ತು ಮುಕ್ತ ತಂತ್ರಾಂಶ: ಕಾಸರಗೋಡನ್ನು ಮುಂದಿಟ್ಟು ಒಂದು ಅವಲೋಕನ

ಭಾಷಾ ಅಲ್ಪಸಂಖ್ಯಾತರ ಚರಿತ್ರೆಯನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಗಡಿರೇಖೆ, ಆಯೋಗದ ವರದಿ, ಶಾಲೆಯ ಬೋಧನಾ ಮಾಧ್ಯಮ ಮುಂತಾದವುಗಳನ್ನು ಆಧರಿಸುತ್ತೇವೆ. ಕಾಸರಗೋಡಿನ ಮಟ್ಟಿಗೆ 1956ರ ರಾಜ್ಯ ಪುನರ್ವಿಂಗಡಣೆ, 1967ರ ಮಹಾಜನ ಆಯೋಗದ ವರದಿ, 1984ರ ಜಿಲ್ಲಾ ರಚನೆ ಇವು ಆ ಕಾಲಗಣನೆಯ ಪರಿಚಿತ ಘಟ್ಟಗಳು. ಆದರೆ ಕಳೆದ ಎರಡು ದಶಕಗಳಲ್ಲಿ ಗಡಿನಾಡಿನ ಕನ್ನಡ ಬರೆಹದ ಬಹುಭಾಗ ಗಣಕಕ್ಕೂ ಮೊಬೈಲಿಗೂ ಸರಿದಿದೆ. ಆಮಂತ್ರಣ, ಮರಣವಾರ್ತೆ, ಯಕ್ಷಗಾನದ ಪ್ರಕಟಣೆ, ಶಾಲಾ ಹೋರಾಟದ ಮನವಿ ಎಲ್ಲವೂ ಅಲ್ಲಿಯೇ ಹುಟ್ಟುತ್ತವೆ, ಅಲ್ಲಿಯೇ ಉಳಿಯುತ್ತವೆ ಅಥವಾ ಅಳಿಯುತ್ತವೆ. ಈ ಹೊಸ ನೆಲದ ಒಡೆತನ ಯಾರದು ಎಂಬ ಪ್ರಶ್ನೆಯನ್ನು ಚರಿತ್ರೆಯ ಪ್ರಶ್ನೆಯಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ವ್ಯತ್ಯಾಸ. ಉಚಿತ ತಂತ್ರಾಂಶ ಬೇರೆ, ಮುಕ್ತ ತಂತ್ರಾಂಶ ಬೇರೆ. ಉಚಿತವೆಂಬುದು ಬೆಲೆಗೆ ಸಂಬಂಧಿಸಿದ್ದು. ಮಾಲೀಕ ಅದನ್ನು ಯಾವಾಗ ಬೇಕಾದರೂ ಹಿಂತೆಗೆಯಬಹುದು. ಮುಕ್ತ ತಂತ್ರಾಂಶದಲ್ಲಿ ಆಕರ ಸಂಕೇತವನ್ನು ಓದುವ, ತಿದ್ದುವ, ಮರುಹಂಚುವ ಹಕ್ಕು ಬಳಕೆದಾರನಿಗೆ ಪರವಾನಗಿಯ ಮೂಲಕವೇ ದತ್ತವಾಗಿರುತ್ತದೆ. 1990ರ ದಶಕದ ಕನ್ನಡ ತಂತ್ರಾಂಶಗಳು ಬಹುಪಾಲು ತಮ್ಮ ತಮ್ಮ ಫಾಂಟುಗಳ ಸಂಕೇತಗಳಿಗೆ ಕಟ್ಟುಬಿದ್ದಿದ್ದವು. ಒಂದರಲ್ಲಿ ಟೈಪು ಮಾಡಿದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದರೂ ಅದು ದಿನಬಳಕೆಗೆ ಬಂದದ್ದು ನಂತರದ ದಶಕದಲ್ಲಿ. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. 2016ರಲ್ಲಿ ಕನ್ನಡ ಲಿಪಿಯನ್ನು ಬಳಸುವ ತುಳು ವಿಕಿಪೀಡಿಯ ಬಂದಿತು. ಕೆ.ಪಿ. ರಾವ್ ಅವರ ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸ ಕರ್ನಾಟಕ ಸರ್ಕಾರದ ಶಿಷ್ಟ ವಿನ್ಯಾಸಕ್ಕೆ ಆಧಾರವಾಗಿ, ಲಿನಕ್ಸ್‌ನಲ್ಲಿಯೂ ‘ಕೆಜಿಪಿ’ ಎಂಬ ಹೆಸರಿನಲ್ಲಿ ದೊರೆಯುವಂತಾಯಿತು.

ಕಾಸರಗೋಡಿನ ಕಥೆ ಇಲ್ಲಿ ಕರ್ನಾಟಕದ ಕಥೆಯಿಂದ ಬೇರೆಯಾಗುತ್ತದೆ. 2001ರಲ್ಲಿ ತಿರುವನಂತಪುರದಲ್ಲಿ ಭಾರತದ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನ ಉದ್ಘಾಟನೆಗೊಂಡಿತು. ಕೇರಳದ ‘ಐಟಿ@ಸ್ಕೂಲ್’ ಯೋಜನೆ ಕ್ರಮೇಣ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಗಣಕಶಿಕ್ಷಣವನ್ನು ಲಿನಕ್ಸ್ ಆಧಾರಿತ ವ್ಯವಸ್ಥೆಗೆ ಒಯ್ದಿತು. 2017ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯ ರೂಪ ಪಡೆಯಿತು. ಹೀಗಾಗಿ ಗಡಿಯ ಈಚೆಗಿನ ಕನ್ನಡ ಮಾಧ್ಯಮದ ಮಕ್ಕಳು ಲಿಬ್ರೆಆಫೀಸ್, ಜಿಂಪ್, ಜಿಯೋಜೀಬ್ರಾಗಳನ್ನು ತರಗತಿಯಲ್ಲಿಯೇ ಬಳಸಿ ಬೆಳೆದರು. ಕೇರಳದಲ್ಲಿ ಪ್ರಚಲಿತವಾದ ಇನ್‌ಸ್ಕ್ರಿಪ್ಟ್ ಕೀಲಿಮಣೆಗೆ ಇನ್ನೊಂದು ಗುಣವಿದೆ: ಅದರಲ್ಲಿ ಭಾರತೀಯ ಲಿಪಿಗಳೆಲ್ಲಕ್ಕೂ ಅಕ್ಷರಸ್ಥಾನ ಸಾಮಾನ್ಯ. ಮಲಯಾಳದ ‘ಕ’ಕಾರವಿರುವ ಕೀಲಿಯಲ್ಲಿಯೇ ಕನ್ನಡದ ‘ಕ’ಕಾರವೂ ಇದೆ. ದ್ವಿಭಾಷಿಕ ವಿದ್ಯಾರ್ಥಿ ಒಂದು ಬೆರಳಭ್ಯಾಸದಿಂದ ಎರಡು ಲಿಪಿಗಳನ್ನೂ ಬರೆಯಬಲ್ಲ. ರಾಜ್ಯಭಾಷೆಗಾಗಿ ಕೈಗೊಂಡ ನೀತಿಯೊಂದು ಅಲ್ಪಸಂಖ್ಯಾತ ಭಾಷೆಗೂ ಒದಗಿಬಂದ ಅಪರೂಪದ ನಿದರ್ಶನವಿದು. ಅಧ್ಯಾಪಕರ ನೇಮಕಾತಿಯ ವಿಚಾರದಲ್ಲಿ ಆಡಳಿತದೊಡನೆ ಜಗ್ಗಾಡುತ್ತಲೇ ಬಂದ ನಾವು ಈ ಲಾಭವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ.

ಸ್ಥಳನಾಮಗಳ ಪ್ರಶ್ನೆಯಲ್ಲಿ ಒಡೆತನದ ವಿಚಾರ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಾಸರಗೋಡಿನ ಕನ್ನಡ ಮೂಲದ ಊರಹೆಸರುಗಳನ್ನು ಮಲಯಾಳೀಕರಿಸಲಾಗುತ್ತಿದೆ ಎಂಬ ಆಕ್ಷೇಪ 2021ರಲ್ಲಿ ಕರ್ನಾಟಕದಲ್ಲಿ ಗಟ್ಟಿಯಾಗಿ ಕೇಳಿಬಂತು. ಅಂಥ ನಿರ್ಧಾರವೇ ಇಲ್ಲವೆಂದು ಕೇರಳ ಸರ್ಕಾರ ಹೇಳಿತು. ಆದರೆ ಇಂದು ಊರಿನ ಹೆಸರನ್ನು ಜನ ಓದುವುದು ರಾಜಪತ್ರದಲ್ಲಲ್ಲ, ಮೊಬೈಲಿನ ನಕಾಶೆಯಲ್ಲಿ. ಖಾಸಗಿ ನಕಾಶೆಯಲ್ಲಿ ಮಂಜೇಶ್ವರ ‘ಮಂಜೇಶ್ವರಂ’ ಎಂದು ಕಂಡರೆ, ಅದು ಯಾವಾಗ, ಯಾರಿಂದ, ಯಾವ ಆಧಾರದಿಂದ ಬಂದಿತೆಂದು ತಿಳಿಯುವ ದಾರಿ ಓದುಗನಿಗಿಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ರಚನೆ ಬೇರೆ ಬಗೆಯದು. ಅಲ್ಲಿ ಒಂದೇ ಊರಿಗೆ ಕನ್ನಡದ ಹೆಸರನ್ನೂ ಮಲಯಾಳದ ಹೆಸರನ್ನೂ ಪ್ರತ್ಯೇಕ ಕಾಲಂಗಳಲ್ಲಿ ನಮೂದಿಸಬಹುದು. ಒಂದು ಇನ್ನೊಂದನ್ನು ಅಳಿಸಬೇಕಾಗಿಲ್ಲ. ಪ್ರತಿಯೊಂದು ತಿದ್ದುಪಡಿಯೂ ದಿನಾಂಕ ಹಾಗೂ ಸಂಪಾದಕನ ಖಾತೆಯ ಹೆಸರಿನೊಡನೆ ದಾಖಲಾಗುತ್ತದೆ. ಸ್ಥಳನಾಮ ಸಂಶೋಧಕನಿಗೆ ಇದು ಶಾಸನದ ಪಾಠಾಂತರದಷ್ಟೇ ಬೆಲೆಯುಳ್ಳ ಆಕರ.

ಸಾಮಾಜಿಕ ಮಾಧ್ಯಮದ ಚರಿತ್ರೆ ಮುಚ್ಚುಗಡೆಗಳ ಚರಿತ್ರೆಯೂ ಹೌದು. ಭಾರತದಲ್ಲಿ ಬಹು ಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ನಿಂತಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ. ಬೆಂಗಳೂರಿನಲ್ಲಿ ಹುಟ್ಟಿ, 2020ರಲ್ಲಿ ಕನ್ನಡದಿಂದಲೇ ಮೊದಲ್ಗೊಂಡ ‘ಕೂ’ 2024ರ ಜುಲೈಯಲ್ಲಿ ತನ್ನ ಮುಕ್ತಾಯವನ್ನು ಘೋಷಿಸಿತು. ದೇಶಭಾಷೆಗಳಿಗೆಂದೇ ಕಟ್ಟಿದ ವೇದಿಕೆಯೂ ಬಂಡವಾಳ ಬತ್ತಿದೊಡನೆ ಉಳಿಯದು ಎಂಬುದನ್ನು ಇದು ತೋರಿಸಿತು.

ವಿಕೇಂದ್ರಿತ ಮಾಧ್ಯಮ ಈ ದೌರ್ಬಲ್ಯಕ್ಕೆ ಒಂದು ಉತ್ತರ. ಇಮೇಲ್‌ನಲ್ಲಿ ಹೇಗೆ ಬೇರೆ ಬೇರೆ ಸೇವೆಗಳವರು ಪರಸ್ಪರ ಪತ್ರ ಕಳುಹಿಸಬಹುದೋ ಹಾಗೆಯೇ ಇಲ್ಲಿ ಬೇರೆ ಬೇರೆ ಸರ್ವರ್‌ಗಳ ಬಳಕೆದಾರರು ಸಂವಾದಿಸುತ್ತಾರೆ. 2008ರ ಐಡೆಂಟಿಕಾದಿಂದ ಈ ಪರಂಪರೆ ಗುರುತಿಗೆ ಬಂದಿತು. 2016ರಲ್ಲಿ ಜರ್ಮನಿಯ ಯೂಗೆನ್ ರೋಚ್ಕೊ ಮ್ಯಾಸ್ಟಡಾನ್ ಹೊರತಂದರು. 2018ರ ಜನವರಿಯಲ್ಲಿ ಆಕ್ಟಿವಿಟಿಪಬ್ ಎಂಬ ಒಡಂಬಡಿಕೆಗೆ ಡಬ್ಲ್ಯು3ಸಿಯ ಮಾನ್ಯತೆ ದೊರೆಯಿತು. ಭಾರತೀಯರು ಗಮನಾರ್ಹ ಸಂಖ್ಯೆಯಲ್ಲಿ ಇತ್ತ ಬಂದದ್ದು 2019ರ ನವೆಂಬರಿನಲ್ಲಿ, ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದ ಮೇಲೆ. 2022ರಲ್ಲಿ ಟ್ವಿಟರ್‌ನ ಒಡೆತನ ಬದಲಾದಾಗ ಜಗತ್ತಿನಾದ್ಯಂತ ಇನ್ನೊಂದು ದೊಡ್ಡ ವಲಸೆ ನಡೆಯಿತು.

ಇದನ್ನು ಸರ್ವರೋಗಕ್ಕೆ ಮದ್ದೆಂದು ಭಾವಿಸಬೇಕಾಗಿಲ್ಲ. ಸ್ವಯಂಸೇವಕರು ನಡೆಸುವ ಸರ್ವರ್‌ಗಳೂ ಮುಚ್ಚುತ್ತವೆ. ಮ್ಯಾಸ್ಟಡಾನ್‌ನಲ್ಲಿ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗುವಾಗ ಹಿಂಬಾಲಕರನ್ನು ಒಯ್ಯಬಹುದು, ಹಳೆಯ ಬರೆಹಗಳನ್ನು ಒಯ್ಯಲಾಗದು. ಅವುಗಳ ಪ್ರತಿಯನ್ನು ಮಾತ್ರ ಇಳಿಸಿಕೊಳ್ಳಬಹುದು. ಚಿಕ್ಕ ಸರ್ವರಿನಲ್ಲಿ ಕುಳಿತವನಿಗೆ ಹೊರಗಿನ ಕನ್ನಡ ಬರೆಹಗಳು ತಾವಾಗಿಯೇ ಕಾಣಸಿಗುವುದೂ ಕಡಿಮೆ. ಸೊಲ್ಲಾಪುರ, ತಾಳವಾಡಿ, ಆದೋನಿ, ಕಾಸರಗೋಡುಗಳಂತೆ ಚದುರಿರುವ ಸಮುದಾಯಕ್ಕೆ ಇದು ಸಣ್ಣ ತೊಡಕಲ್ಲ. ಜನಸಾಮಾನ್ಯರ ನಿತ್ಯದ ಮಾತುಕತೆ ವಾಟ್ಸ್‌ಆ್ಯಪ್‌ನಲ್ಲಿಯೇ ನಡೆಯುತ್ತಿದೆ ಎಂಬುದನ್ನೂ ಮರೆಯುವಂತಿಲ್ಲ. ಆದರೂ ಎರಡು ಬಗೆಯ ಮುಚ್ಚುಗಡೆಗಳ ನಡುವೆ ಅಂತರವಿದೆ. ಕಂಪನಿಯ ವೇದಿಕೆ ಮುಚ್ಚಿದಾಗ ಸಮುದಾಯದ ಸಂಬಂಧಜಾಲವೇ ಕಡಿದುಹೋಗುತ್ತದೆ. ವಿಕೇಂದ್ರಿತ ಸರ್ವರ್ ಒಂದು ಮುಚ್ಚಿದಾಗ ಜಾಲ ಉಳಿಯುತ್ತದೆ, ತಂತ್ರಾಂಶವೂ ಉಳಿಯುತ್ತದೆ, ಬೇರೆಡೆ ಮತ್ತೆ ಕೂಡಬಹುದು.

ಯಕ್ಷಗಾನ ಪ್ರಸಂಗಗಳು ನಮಗೆ ದಕ್ಕಿದ್ದು ಅವುಗಳ ಪ್ರತಿಗಳು ಹಲವು ಮನೆಗಳಲ್ಲಿ ಇದ್ದುದರಿಂದ. ಒಂದು ಮನೆಯ ಓಲೆಗಟ್ಟು ಗೆದ್ದಲು ಹಿಡಿದರೂ ಇನ್ನೊಂದು ಮನೆಯದು ಉಳಿಯುತ್ತಿತ್ತು. ಗಡಿನಾಡಿನ ಕನ್ನಡ ಸಂಘಗಳು ಹಾಗೂ ಸಂಶೋಧನ ಕೇಂದ್ರಗಳು ತಮ್ಮ ಪ್ರಕಟಣೆ, ಧ್ವನಿಮುದ್ರಣ, ಮನವಿಪತ್ರಗಳನ್ನು ಯೂನಿಕೋಡಿನಲ್ಲಿ, ಮುಕ್ತ ಕಡತರೂಪದಲ್ಲಿ, ಒಂದಕ್ಕಿಂತ ಹೆಚ್ಚು ಕಡೆ ಇರಿಸಿಕೊಳ್ಳುವುದು ಇದೇ ವಿವೇಕದ ಮುಂದುವರಿಕೆ. ವೇದಿಕೆಯ ಆಯ್ಕೆ ಅದರ ನಂತರದ ಮಾತು. ಇಷ್ಟನ್ನು ಮಾಡದಿದ್ದರೆ 1956ರ ಮುಂಚಿನ ಕಾಸರಗೋಡಿನ ಬಗ್ಗೆ ನಮ್ಮಲ್ಲಿರುವ ದಾಖಲೆಗಳು 2010ರ ನಂತರದ ಕಾಸರಗೋಡಿನ ದಾಖಲೆಗಳಿಗಿಂತ ಹೆಚ್ಚಾಗಿ ಉಳಿದಾವು.